ಗೋಲಿ ತೊಳೆದವರು ಯಾರು?

ಅಂಗಿಯ ತೋಳು ಮಡಚಿ ಗಿಡ ನೆಟ್ಟ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಇಳಿಸಿದೆ. ಸುಟ್ಟ ಮಣ್ಣಿನ ಗೋಲಿಗಳ ನಡುವೆ ಬೆರಳು ತೂರಿಸಿ, ತಳ ಮುಟ್ಟಿ, ಹೊರಗೆಳೆದೆ. ಕೈಗೆ ನೀರು ಬಿಟ್ಟರೆ ಮತ್ತೇನೂ ಅಂಟಿರಲಿಲ್ಲ.

ನನಗೆ ಅದು ಸರಿ ಕಾಣಲಿಲ್ಲ. ಹೋದ ಬುಧವಾರ ಇದೇ ಗೋಲಿಗಳೊಳಗೆ ಕೈ ಹಾಕಿದಾಗ ಕಂದು ಲೋಳೆ ಮೆತ್ತಿಕೊಂಡು ಹೊಸ ಅಂಗಿಯೊಂದು ಹಾಳಾಗಿತ್ತು. ಎಷ್ಟು ತಿಕ್ಕಿದರೂ ಕಲೆ ಹೋಗದೆ ಆ ಅಂಗಿ ಈಗ ನಮ್ಮ ಮನೆಯ ನೆಲ ಒರೆಸುತ್ತಿದೆ.

"ನೀವು ಇಲ್ಲಿ ಏನಾದ್ರೂ ಮುಟ್ಟಿದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ," ಎಂದರು ಲಾಂಡ್ರಿಯವರು. "ನೀವೇ ಮುಟ್ಟಬೇಡಿ ಅಂದ ಮೇಲೆ ನಾನ್ಯಾಕೆ ಮುಟ್ಲಿ."

ಬಾಗಿಲಿಗೆ ಒರಗಿ ನಿಂತಿದ್ದರು. ಅಣ್ಣನನ್ನು ಹುಡುಕಿಕೊಡಿ ಎಂದು ಪತ್ತೇದಾರಿಕೆ ಮಾಡುವ ನನ್ನ ಬಳಿ ಬಂದವರು ಇವರೇ. ಅಣ್ಣ, ಗಡಿಯಾರ ರಿಪೇರಿಯವರು, ಹೋದ ತಿಂಗಳಿಂದ ಕಾಣೆ. ಸೋಮವಾರ ಕಾಲುವೆಯ ತೂಬಿನ ಹತ್ತಿರ ಸಿಕ್ಕ ಶವದ ಮಣಿಕಟ್ಟಿನಲ್ಲಿ ಅವರ ಗಡಿಯಾರವಿತ್ತು; ಮುಖ ಗುರುತಿಸುವ ಸ್ಥಿತಿಯಲ್ಲಿರಲಿಲ್ಲ. ಆ ಶವ ಅಣ್ಣನದು ಹೌದೋ ಅಲ್ಲವೋ ಎಂದು ಇವತ್ತು ಸಂಜೆಯೊಳಗೆ ತಮ್ಮ ಹೇಳಬೇಕಿತ್ತು. ಹೌದು ಎಂದರೆ, ಕಾಲು ಜಾರಿ ತೂಬಿನ ಕಲ್ಲಿಗೆ ತಲೆ ಬಡಿದು ಸತ್ತಿದ್ದಾರೆ ಎಂದು ಬರೆದುಕೊಂಡು ಇನ್ಸ್‌ಪೆಕ್ಟರ್ ಕೈ ತೊಳೆದುಕೊಳ್ಳಲು ಸಿದ್ಧರಾಗಿದ್ದರು.

ನಾನು ಅಣ್ಣನ ಈ ಮನೆಗೆ ಬಂದದ್ದು ಇವರಿಗೆ ಧೈರ್ಯ ಹೇಳಲು. ಈಗ ಧೈರ್ಯ ಹೇಳುವ ಮನಸ್ಸು ಉಳಿದಿರಲಿಲ್ಲ.

ಮನೆ ಅಂದರೆ ಏನು ಮಹಾ. ಒಂದು ಹಜಾರ, ಒಂದು ಮಲಗುವ ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದ ಅಡುಗೆಮನೆ. ಒಂದು ಕುರ್ಚಿ, ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಇದೆಯೇ ಎಂದು ಹುಡುಕಿದಾಗ ಸಿಕ್ಕಿತು, ಅದರ ತುಂಬ ಸಣ್ಣ ಸಣ್ಣ ಸ್ಕ್ರೂಡ್ರೈವರುಗಳಿದ್ದವು. ನಮ್ಮ ಮನೆಯಲ್ಲಿ ಎರಡು ಲೋಟಗಳಿವೆ ಎಂದು ಜಂಬ ಪಡುವಂತಿಲ್ಲ. ಎರಡರಲ್ಲೂ ನಾನೇ ಕುಡಿಯುತ್ತೇನೆ.

ಹಜಾರದ ಗೋಡೆಯನ್ನು ಆಕ್ರಮಿಸಿಕೊಂಡಿದ್ದದ್ದು ಗಡಿಯಾರದವರು ಕೈಯಾರೆ ಕಟ್ಟಿದ ಮೀನು-ಸೊಪ್ಪಿನ ತೋಟ. ಕೆಳಗೆ ಗಾಜಿನ ತೊಟ್ಟಿ, ಅದರಲ್ಲಿ ಮೀನು. ಮೇಲೆ ಉದ್ದಕ್ಕೆ ಸೀಳಿದ ಪ್ಲಾಸ್ಟಿಕ್ ಡ್ರಮ್ಮು, ಅದರ ತುಂಬ ಗೋಲಿ, ಗೋಲಿಗಳ ನಡುವೆ ಬೇರಿಳಿಸಿದ ಸೊಪ್ಪು. ಮಣ್ಣಿಲ್ಲ, ಗೊಬ್ಬರವಿಲ್ಲ. ಮೀನು ಗಲೀಜು ಮಾಡಿದ ನೀರನ್ನು ಪಂಪು ಮೇಲಕ್ಕೆ ತಳ್ಳುತ್ತದೆ. ಡ್ರಮ್ಮು ತುಂಬಿದೊಡನೆ ಒಳಗಿನ ಕೊಳವೆಯೊಂದು ಗೊಳಗೊಳ ಸದ್ದು ಮಾಡಿ ಅಷ್ಟೂ ನೀರನ್ನು ಒಂದೇ ಸಲಕ್ಕೆ ತೊಟ್ಟಿಗೆ ಇಳಿಸುತ್ತದೆ. ಗಿಡಕ್ಕೆ ಊಟ ಸಿಕ್ಕಿತು, ಮೀನಿಗೆ ಚೊಕ್ಕ ನೀರು ಸಿಕ್ಕಿತು. ಒಬ್ಬಂಟಿ ಮನುಷ್ಯ ಕಟ್ಟಿದ ತುಂಬು ಸಂಸಾರ ಅದು.

ಅದನ್ನು ಕಟ್ಟಲು ಪಟ್ಟ ಪಾಡು ಮೈಮೇಲೆಲ್ಲ ಕಾಣುತ್ತಿತ್ತು. ಡ್ರಮ್ಮಿನ ತಳದಲ್ಲಿ ತಪ್ಪಾಗಿ ಕೊರೆದು ಮುಚ್ಚಿದ ತೂತುಗಳು. ಸ್ಟ್ಯಾಂಡು ಅಲುಗದಿರಲೆಂದು ಕಾಲಿನಡಿಗೆ ತುರುಕಿದ ಹಳೆಯ ವಾಚಿನ ಚರ್ಮದ ಪಟ್ಟಿ. ಮೀನಿಗೆ ಮೇವು ಹಾಕಲು ಗೋಡೆ ಗಡಿಯಾರದ ಯಂತ್ರಕ್ಕೆ ಜೋಡಿಸಿದ ಡಬ್ಬಿ. ಅದು ದಿನಕ್ಕೊಂದು ಸುತ್ತು ತಿರುಗಿ, ತೂತು ಕೆಳಗೆ ಬಂದಾಗ ನಾಲ್ಕು ಕಾಳು ಉದುರಿಸುತ್ತದೆ. ಯಜಮಾನರು ಇಲ್ಲದೆಯೂ ಮೀನು ಬದುಕಿದ್ದು ಆ ಡಬ್ಬಿಯ ದೆಸೆಯಿಂದ.

ಇದೆಲ್ಲ ಜಾಣತನದ ಮಾತಾಯಿತು. ನನ್ನ ಕರುಳು ಚುರುಕ್ ಎನ್ನಿಸಿದ್ದು ಪರದೆ ಕಂಬಿಯಿಂದ ಇಳಿಬಿದ್ದ ಒಂದು ದಾರ. ಕೊಳವೆಗೆ ಅಂಟು ಹಚ್ಚಿದ ಮೇಲೆ ಅದು ಒಣಗುವ ತನಕ ಯಾರಾದರೂ ನೆಟ್ಟಗೆ ಹಿಡಿದಿರಬೇಕು. ಹಿಡಿಯಲು ಯಾರೂ ಇರಲಿಲ್ಲವಾದ್ದರಿಂದ ಆ ಮನುಷ್ಯ ಅದನ್ನು ದಾರದಲ್ಲಿ ತೂಗುಹಾಕಿದ್ದರು. ಒಂಟಿಯಾಗಿ ಇರುವವರಿಗೆ ಇಂಥ ದಾರಗಳು ಗೊತ್ತು. ಬೆನ್ನ ಮೇಲಿನ ಜಿಪ್ಪು ಎಳೆದುಕೊಳ್ಳಲು ನಾನೂ ಒಂದನ್ನು ಬೀರುವಿನ ಹಿಡಿಗೆ ಕಟ್ಟಿಕೊಂಡಿದ್ದೇನೆ.

ಬಗ್ಗಿ ತೊಟ್ಟಿ ನೋಡಿದೆ. ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸೊಪ್ಪಿನ ಎಲೆಗಳು ಅಂಚಿನಿಂದ ಹಳದಿಗೆ ತಿರುಗಿದ್ದವು. ಗಾಜಿಗೆ ಬೆರಳಿಟ್ಟು ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಿದೆ. ಯಾವ ಮೀನೂ ಕ್ಯಾರೇ ಅನ್ನಲಿಲ್ಲ.

"ಕೂತ್ಕೊಳ್ಳಿ," ಎಂದೆ.

"ಪರವಾಗಿಲ್ಲ ಮೇಡಂ, ನೀವು ಕೂತ್ಕೊಳ್ಳಿ."

"ಇರೋದು ಒಂದೇ ಕುರ್ಚಿ. ಇವತ್ತು ಅದು ನಿಮಗೇ ಬೇಕಾಗುತ್ತೆ."

ಕೂತರು. ದಪ್ಪ ಬೆರಳುಗಳನ್ನು ಹೆಣೆದು ತೊಡೆಯ ಮೇಲಿಟ್ಟುಕೊಂಡರು. ವರ್ಷಾನುಗಟ್ಟಲೆ ಸೋಪಿನ ನೀರಲ್ಲಿ ನೆಂದ ಕೈಗಳು. ಉಗುರುಗಳ ಸುತ್ತ ಚರ್ಮ ಬೆಳ್ಳಗೆ ಬಿರಿದಿತ್ತು.

"ನಿಮ್ಮಣ್ಣನ ಮೀನಲ್ಲಿ ಒಂದಕ್ಕೆ ಬಾಲ ಹರಿದಿತ್ತು. ಬೆರಳು ಆಡಿಸಿದ್ರೆ ಹಿಂದೆ ಹಿಂದೆ ಬರ್ತಿತ್ತು. ಅದೆಲ್ಲಿ?"

"ಅಲ್ಲೇ ಎಲ್ಲೋ ಇರುತ್ತೆ ನೋಡಿ."

"ಇಲ್ಲ."

"ಬಾಲ ವಾಸಿಯಾಗಿರ್ಬೇಕು."

"ಒಂದೇ ವಾರಕ್ಕಾ? ನನ್ನ ಮಂಡಿನೋವೇ ಇನ್ನೂ ವಾಸಿಯಾಗಿಲ್ಲ."

ಅವರು ನಗಲಿಲ್ಲ. ನಾನೂ ನಗಿಸಲು ಹೇಳಿದ್ದಲ್ಲ.

"ನೋಡಿ, ಇವು ನಿಮ್ಮಣ್ಣನ ಮೀನಲ್ಲ. ಬೇರೆ ತಂದು ಬಿಟ್ಟಿದಾರೆ. ಗೋಲಿಗಳನ್ನ ಯಾರೋ ಸೋಪು ಹಾಕಿ ತಿಕ್ಕಿ ತೊಳೆದಿದಾರೆ. ಮನುಷ್ಯ ಕಾಣೆ, ಕಾಲುವೇಲಿ ಹೆಣ, ಅದರ ತಲೆ ಹಿಂದೆ ಏಟು. ಅಂಥವನ ಮನೇಲಿ ಹೀಗೆ ತೊಳೆದಿಟ್ಟಿದ್ದು ಕಂಡ್ರೆ ಪೊಲೀಸಿನವರು ಏನಂದ್ಕೋತಾರೆ, ಹೇಳಿ?"

ಅವರ ಮುಖ ಸಪ್ಪಗಾಯಿತು. "ರಕ್ತ ಅಂದ್ಕೋತಾರೆ," ಎಂದರು ಮೆಲ್ಲಗೆ.

"ನಾನೂ ಅದನ್ನೇ ಅಂದ್ಕೊಂಡಿದೀನಿ. ಬೀಗದ ಕೈ ಇರೋದು ನಿಮ್ಮ ಹತ್ರ."

"ದೇವ್ರಾಣೆ ರಕ್ತ ಅಲ್ಲ ಮೇಡಂ. ಕೊಳೆ."

"ಯಾವ ಕೊಳೆ?"

"ಅದೇ, ಅಂಟಂಟಾಗಿ, ಕಂದಾಗಿ. ನೀವು ಬಂದು ಹೋದ ಮಾರನೇ ದಿನ, ಗುರುವಾರ, ಸುಮ್ನೆ ಬಂದೆ. ಮನೆ ಗುಡಿಸಿದೆ, ಒರೆಸಿದೆ. ಇದೊಂದು ಕಣ್ಣಿಗೆ ಬಿತ್ತು. ಅಣ್ಣ ಎಷ್ಟು ದಿನದಿಂದ ತೊಳೆದಿಲ್ವೋ ಅಂತ ಹೊಟ್ಟೆ ಉರೀತು. ನಮ್ಮ ಕೈಗೆ ಕೊಳೆ ಕಂಡ್ರೆ ಸುಮ್ನಿರಲ್ಲ. ಗಿಡ ಎಲ್ಲ ಒಂದು ಕಡೆ ತೆಗೆದಿಟ್ಟು, ಗೋಲಿಗಳನ್ನ ಬಕೆಟ್ಟಿಗೆ ಸುರಿದು, ಅಂಗಡಿಯ ಪುಡಿ ಹಾಕಿ ಚೆನ್ನಾಗಿ ತೊಳೆದೆ. ಬೆಳ್ಳಿ ಹಾಗೆ ಮಾಡಿದ್ದೆ ಮೇಡಂ. ಮತ್ತೆ ತುಂಬಿಸಿ, ಗಿಡ ನೆಟ್ಟು, ನೀರು ಬಿಟ್ಟೆ."

ನಾನು ಹಣೆ ಒತ್ತಿಕೊಂಡೆ. ಈ ಕೇಸಿಗೆ ಕೈ ಹಾಕಿದಾಗಿನಿಂದ ಇದರ ಬಗ್ಗೆಯೇ ಓದಿ ಓದಿ ತಲೆ ಕೆಟ್ಟಿತ್ತು. "ಅದು ಕೊಳೆ ಅಲ್ಲ. ಆ ಲೋಳೇಲೇ ಜೀವ ಇರೋದು. ಮೀನಿನ ಗಲೀಜಿನಲ್ಲಿರೋ ವಿಷಾನ ಗಿಡ ತಿನ್ನೋ ಹಾಗೆ ಮಾಡೋದು ಆ ಲೋಳೆ. ಅದು ಗೋಲಿಗೆ ಹತ್ಕೊಳ್ಳೋಕೆ ತಿಂಗಳ ಮೇಲೆ ಬೇಕು. ನಿಮ್ಮಣ್ಣ ಕಾದೂ ಕಾದೂ ಬರಿಸಿಕೊಂಡಿದ್ದನ್ನ ನೀವು ಒಂದೇ ದಿನದಲ್ಲಿ ಒಗೆದುಬಿಟ್ರಿ."

"ಮೀನಿನಂಗಡಿಯವನೂ ಅದನ್ನೇ ಹೇಳಿ ಬೈದ."

"ನನಗೆ ಯಾಕೆ ಹೇಳ್ಲಿಲ್ಲ?"

ತಲೆ ತಗ್ಗಿಸಿದರು. ಕಾಲಿನ ಹೆಬ್ಬೆರಳಿಂದ ನೆಲದ ಮೇಲೆ ಏನೋ ಗೀಚುತ್ತಿದ್ದರು. "ಅಣ್ಣ ವಾಪಸ್ ಬರ್ತಾನೆ ಅಂದ್ಕೊಂಡಿದ್ದೆ ಮೇಡಂ. ಬಂದ ತಕ್ಷಣ ಬೈಯೋ ಹಾಗಾಗಬಾರ್ದು ಅಂತ, ಅದೇ ತರದ ಮೀನು ತಂದು ಬಿಟ್ಟೆ. ಇಷ್ಟು ವರ್ಷದ ಮೇಲೆ ನೋಡೋದು, ಬೈಸಿಕೊಂಡು ಶುರು ಮಾಡೋದು ಬೇಡ ಅನ್ನಿಸ್ತು."

ಸುಳ್ಳು ಹೇಳುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಳ್ಳು ಹೇಳುವವರು ಇಷ್ಟು ನಾಚಿಕೊಳ್ಳುವುದಿಲ್ಲ. ನನಗೆ ಕೋಪವೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

"ಮಾತು ಬಿಟ್ಟಿದ್ದು ಯಾಕೆ ನೀವಿಬ್ರೂ?"

"ಅಮ್ಮ ತೀರ್ಕೊಂಡಾಗ ನಾನು ಬಂದಿದ್ದು ತಡ ಆಯ್ತು. ಬಾಗಿಲಲ್ಲೇ 'ಈಗ್ಯಾಕೆ ಬಂದೆ' ಅಂದ. ನಾನು ಹಾಗೇ ತಿರುಗಿ ಹೊರಟೆ."

"ಆಮೇಲೆ?"

"ಆಮೇಲೇನೂ ಇಲ್ಲ. ಅವನು ಕರೀಲಿಲ್ಲ, ನಾನು ಬರ್ಲಿಲ್ಲ. ನಮ್ಮಂಗಡಿ ಇಲ್ಲಿಂದ ಎರಡು ಬಸ್‌ಸ್ಟಾಪು ಆಚೆ ಇದೆ ಮೇಡಂ. ಹೋಗ್ತಾ ಬರ್ತಾ ಈ ಕಿಟಕಿ ಕಾಣುತ್ತೆ. ಲೈಟು ಉರೀತಿದ್ರೆ ಸರಿ, ಇದಾನೆ ಅಂದ್ಕೊಂಡು ಹೋಗ್ತಿದ್ದೆ."

ಮೇಲೆ ನೀರು ತುಂಬಿ, ಕೊಳವೆಯಲ್ಲಿ ಗೊಳಗೊಳ ಎಂದು ಇಳಿಯಿತು. ಗಡಿಯಾರದವರಿಗೆ ಈ ಮನೆಯಲ್ಲಿ ಕೇಳುತ್ತಿದ್ದ ಇನ್ನೊಂದು ದನಿ ಇದೇ ಇರಬೇಕು.

"ಸತ್ತ ಮೀನುಗಳನ್ನ ಎಲ್ಲಿ ಎಸೆದ್ರಿ?" ಎಂದು ಕೇಳಿದೆ. ಮಾತು ಮುಗಿಸಲು ಕೇಳಿದ ಪ್ರಶ್ನೆ, ಬೇರೇನೂ ಮನಸ್ಸಿನಲ್ಲಿರಲಿಲ್ಲ.

ಅವರು ನನ್ನ ಮುಖ ನೋಡಿದರು. "ಅದೇ ಮೇಡಂ ತಿಳೀದೇ ಇರೋದು. ಸತ್ತ ಮೀನು ನಾನು ನೋಡ್ಲೇ ಇಲ್ಲ."

"ಅಂದ್ರೆ?"

"ಗುರುವಾರ ರಾತ್ರಿ ಹೊತ್ತಿಗೆ ನೀರಲ್ಲಿ ನೊರೆ ಬಂತು. ಮೀನೆಲ್ಲ ಮೇಲೆ ಬಂದು ಒದ್ದಾಡ್ತಿದ್ವು. ಏನ್ ಮಾಡ್ಬೇಕೋ ತೋಚಲಿಲ್ಲ. ನೋಡ್ತಾ ನೋಡ್ತಾ ಇಲ್ಲೇ ನೆಲದ ಮೇಲೆ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ತೊಟ್ಟಿಯಲ್ಲಿ ನೀರಿತ್ತು, ಮೀನಿರ್ಲಿಲ್ಲ. ಒಂದೂ ಇರ್ಲಿಲ್ಲ."

"ಏನಾಯ್ತು ಅಂದ್ಕೊಂಡ್ರಿ?"

"ಬೆಕ್ಕು ಬಂದಿರ್ಬೇಕು ಅಂದ್ಕೊಂಡೆ."

"ಚಿಲಕ ಹಾಕಿದ ಬಾಗಿಲು ತೆಗೆದುಕೊಂಡಾ?"

"ಚಿಲಕ ಹಾಕಿರ್ಲಿಲ್ಲ, ಬೀಗ ಮಾತ್ರ ತಿರುಗಿಸಿದ್ದೆ."

ಕುರ್ಚಿಯ ಹಿಂದೆ ನಿಂತು ಮೊಬೈಲು ತೆಗೆದೆ. ಮೊದಲ ದಿನ ಬಂದಾಗ ತೆಗೆದ ಫೋಟೊಗಳಿದ್ದವು. ದೊಡ್ಡದು ಮಾಡಿ ಗೋಡೆಯ ಕಡೆ ನೋಡಿದೆ, ಮತ್ತೆ ಫೋಟೊ ನೋಡಿದೆ. ಫೋಟೊದಲ್ಲಿ ತೊಟ್ಟಿಯ ಪಕ್ಕದ ಮೊಳೆಗೆ ಮೀನು ಹಿಡಿಯುವ ಸಣ್ಣ ಬಲೆ ನೇತಾಡುತ್ತಿತ್ತು. ಅದರ ಕೆಳಗೆ ಮುಚ್ಚಳವಿರುವ ಬಕೆಟ್ಟು, ಬಕೆಟ್ಟಿನ ಮೇಲೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪು. ಕರೆಂಟು ಹೋದಾಗ ಮೀನಿಗೆ ಉಸಿರು ಕಟ್ಟದಂತೆ ನೀರಿಗೆ ಗಾಳಿ ಊದುವಂಥದ್ದು. ಈಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು.

"ಈ ಬಲೆ, ಬಕೆಟ್ಟು, ಪಂಪು ನೀವು ತಗೊಂಡ್ರಾ?"

"ಇಲ್ಲ. ಅದೇನು ಪಂಪು ಅಂತಾನೂ ನಂಗೊತ್ತಿಲ್ಲ."

ಸತ್ತ ಮೀನು ಎಸೆಯುವವರಿಗೆ ಗಾಳಿ ಊದುವ ಪಂಪು ಬೇಡ. ಅದನ್ನು ಒಯ್ದವರು ಮೀನುಗಳನ್ನು ಉಳಿಸಿಕೊಳ್ಳಲು ಒಯ್ದಿದ್ದರು.

"ಈ ಬೀಗಕ್ಕೆ ಎಷ್ಟು ಕೈ?"

"ಎರಡು. ಮನೆ ಮಾಲೀಕರ ಹತ್ರ ಇದ್ದಿದ್ದು ನಂಗೆ ಕೊಟ್ರು. ಇನ್ನೊಂದು ಅಣ್ಣನ..."

ಜೇಬಿನಿಂದ ಬೀಗದ ಕೈ ತೆಗೆದು ನೋಡಿದರು.

ನಾನು ನಿಧಾನವಾಗಿ ಹೇಳಿದೆ. "ಕಾಲುವೇಲಿ ಸಿಕ್ಕ ಹೆಣದ ಜೇಬಲ್ಲಿ ಬೀಗದ ಕೈ ಇರ್ಲಿಲ್ಲ. ಆ ಹೆಣ ನೀರಲ್ಲಿ ಬಿದ್ದು ಎರಡು ವಾರದ ಮೇಲಾಗಿತ್ತು ಅಂತ ಡಾಕ್ಟ್ರು ಹೇಳಿದಾರೆ. ಈ ಮನೆಗೆ ಯಾರೋ ಬಂದು ಮೀನು ತಗೊಂಡು ಹೋಗಿದ್ದು ಈಗ ಒಂದು ವಾರದ ಹಿಂದೆ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಆ ದೊಡ್ಡ ಮೈ ಕುರ್ಚಿಯಲ್ಲಿ ಕುಲುಕತೊಡಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ.

"ಬದುಕಿದಾನೆ," ಎಂದರು. "ನಮ್ಮಣ್ಣ ಬದುಕಿದಾನೆ ಮೇಡಂ."

"ಬೇರೆ ಯಾರ ಕೈಗಾದ್ರೂ ಬೀಗದ ಕೈ ಸಿಕ್ಕಿರಬಹುದು. ಇನ್ನೂ ಖಾತ್ರಿ ಇಲ್ಲ."

"ಇದೆ." ಅಂಗೈಯಿಂದ ಮುಖ ಒರೆಸಿಕೊಂಡರು. "ಅವತ್ತು ನಾನು ಏನೂ ಹೊದ್ದುಕೊಂಡಿರ್ಲಿಲ್ಲ. ಅವನ ಹಾಸಿಗೆ ಮುಟ್ಟೋಕೆ ಮನಸ್ಸು ಬರ್ಲಿಲ್ಲ, ಬರೀ ನೆಲದ ಮೇಲೆ ಮಲಗಿದ್ದೆ. ಬೆಳಿಗ್ಗೆ ಮೈಮೇಲೆ ಹೊದಿಕೆ ಇತ್ತು. ಮಡಚೋವಾಗ, ಥೂ, ಸೋಪು ಸರಿಯಾಗಿ ಬಿಟ್ಟಿಲ್ಲ, ಎಷ್ಟು ಕೆಟ್ಟದಾಗಿ ಒಗೆದಿದಾನೆ ಅಂದ್ಕೊಂಡೆ. ಅದು ಎಲ್ಲಿಂದ ಬಂತು ಅಂತ ಯೋಚನೇನೇ ಮಾಡ್ಲಿಲ್ಲ."

ನಾನು ಹಜಾರದ ನೆಲ ನೋಡಿದೆ.

"ಇಲ್ಲೇ ನಿಂತಿದ್ದ," ಎಂದು ಅವರು ನೆಲ ತೋರಿಸಿದರು. "ಮೀನು ಎತ್ಕೊಂಡ. ನನ್ನ ನೋಡ್ದ. ಹೊದಿಸ್ದ. ಎಬ್ಬಿಸ್ಲಿಲ್ಲ. ಯಾಕೆ ಎಬ್ಬಿಸ್ಲಿಲ್ಲ ಮೇಡಂ? ಇನ್ನೂ ಅದೇ ಕೋಪಾನಾ?"

ಕೋಪ ಇದ್ದವರು ಹೊದಿಸುವುದಿಲ್ಲ ಎಂದು ಹೇಳಿದೆ. ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಕೋಪವಿಲ್ಲದೆಯೂ ಎಬ್ಬಿಸದೆ ಹೋದರೆಂದರೆ, ಎಬ್ಬಿಸಬಾರದ ಕಾರಣ ಇನ್ನೇನೋ ಇತ್ತು.

ಕೇಳಲೇಬೇಕಾದ ಪ್ರಶ್ನೆಯನ್ನು ಆದಷ್ಟು ಮೆತ್ತಗೆ ಕೇಳಿದೆ. "ಆ ಗಡಿಯಾರ. ಪೊಲೀಸಿನವರು ತೋರಿಸಿದ್ದು. ಅದು ನಿಮ್ಮಣ್ಣಂದೇ ಅಲ್ವಾ?"

"ಅಪ್ಪಂದು. ಆಮೇಲೆ ಅಣ್ಣ ಕಟ್ಕೊಂಡ. ಕೊಂಡಿ ಮುರಿದುಹೋಗಿತ್ತು, ಅವನೇ ಒಂದು ಸಣ್ಣ ಮೊಳೆ ಬಡಿದು ಕೂರಿಸಿದ್ದ. ಸ್ನಾನಕ್ಕೂ ಬಿಚ್ತಿರ್ಲಿಲ್ಲ. ಬಿಚ್ಚೋಕೆ ಆಗ್ತಾನೂ ಇರ್ಲಿಲ್ಲ. ಅವನ ಹತಾರ ಬೇಕು, ಅವನ ಕೈಯೇ ಬೇಕು..."

ಅವರು ನನ್ನತ್ತ ನೋಡಿದರು. ಮುಖದ ಮೇಲಿನ ಗೆಲುವು ಇಳಿದುಹೋಗುವುದನ್ನು ನಾನು ಕಣ್ಣಾರೆ ಕಂಡೆ. ನೋಡಬಾರದಿತ್ತು ಅನ್ನಿಸಿತು.

ಬದುಕಿರುವವರ ಗಡಿಯಾರ ಸತ್ತವನ ಕೈಗೆ ತಾನಾಗಿ ಹೋಗಿ ಕೂರುವುದಿಲ್ಲ. ಕೊಂಡಿಯ ಮೊಳೆ ತೆಗೆದು, ಪಟ್ಟಿ ಸುತ್ತಿ, ಮತ್ತೆ ಮೊಳೆ ಬಡಿಯಬೇಕು. ಕಾಲು ಜಾರಿ ಬಿದ್ದವನಿಗೆ ಯಾರೂ ಅಷ್ಟೆಲ್ಲ ಮಾಡುವುದಿಲ್ಲ.

"ಅಣ್ಣ ಹಾಗೆಲ್ಲ ಮಾಡೋನಲ್ಲ," ಎಂದರು.

"ಇರಬಹುದು."

"ಯಾರೋ ಬಲವಂತ ಮಾಡಿರ್ಬೇಕು."

"ಅದೂ ಇರಬಹುದು. ಹುಡುಕಿದ್ರೆ ಗೊತ್ತಾಗುತ್ತೆ."

"ಹುಡುಕೋದು ಅಂದ್ರೆ ಪೊಲೀಸಿನವರೂ ಹುಡುಕ್ತಾರೆ, ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ತೆಗೆದು ಪರದೆ ನೋಡಿದರು, ನನಗೂ ತೋರಿಸಿದರು. ಇನ್ಸ್‌ಪೆಕ್ಟರ್.

"ನಿಲ್ಲಿ," ಎಂದು ಅವರ ಮಣಿಕಟ್ಟು ಹಿಡಿದೆ. "ಆ ಹೆಣಾನ ನಿಮ್ಮಣ್ಣ ಅಂತ ಒಪ್ಕೊಂಡ್ರೆ, ಅಲ್ಲಿ ಮಲಗಿರೋನನ್ನ ಇನ್ಯಾರೂ ಹುಡುಕಲ್ಲ. ಅವನಿಗೂ ಮನೇಲಿ ಒಬ್ಬ ತಮ್ಮನೋ ತಂಗಿನೋ ಇರ್ತಾರೆ. ಅವರೂ ಹೀಗೇ ಕಿಟಕಿ ನೋಡ್ತಾ ಇರ್ತಾರೆ."

"ಇರ್ತಾರೆ ಮೇಡಂ." ಅವರು ನನ್ನ ಕೈ ಬಿಡಿಸಿಕೊಂಡದ್ದು ಬಹಳ ಮರ್ಯಾದೆಯಿಂದ. "ನನಗೆ ಇರೋನು ಇವನೊಬ್ಬನೇ."

ಫೋನು ಕಿವಿಗಿಟ್ಟರು. ದನಿ ನಡುಗಲಿಲ್ಲ. ಆಗಲೇ ಅತ್ತು ಮುಗಿಸಿದ ಗಂಟಲು, ಕೇಳಿದವರು ಯಾರೂ ನಂಬುವಂತಿತ್ತು.

"ಹೌದು ಸಾರ್. ಅಣ್ಣನ ಮನೇಲೇ ಇದೀನಿ. ಹೌದು, ಯೋಚನೆ ಮಾಡ್ದೆ. ಅದು ನಮ್ಮಣ್ಣಂದೇ ಸಾರ್... ಒಡಹುಟ್ಟಿದವನು, ನಂಗೊತ್ತಾಗಲ್ವಾ."

ಆ ಕಡೆಯಿಂದ ಏನೋ ಹೇಳಿದರು. ಲಾಂಡ್ರಿಯವರು ಒಂದು ಕ್ಷಣ ಕಣ್ಣು ಮುಚ್ಚಿ ತೆಗೆದು, ಫೋನನ್ನು ನನ್ನ ಕಡೆ ಚಾಚಿದರು. ಅವರ ಕಣ್ಣಿನಲ್ಲಿದ್ದದ್ದನ್ನು ಬೇಡಿಕೆ ಎನ್ನಲೂ ಆಗದು.

ತೆಗೆದುಕೊಂಡೆ. ಇನ್ಸ್‌ಪೆಕ್ಟರ್ ನನ್ನನ್ನು ಬಹಳ ಕಾಲದಿಂದ ಬಲ್ಲವರು; ನನ್ನ ಮಾತನ್ನು ಇಲ್ಲಿಯವರೆಗೆ ಒಮ್ಮೆಯೂ ಅನುಮಾನಿಸಿದವರಲ್ಲ.

"ಮೇಡಂ, ಅವರು ದುಃಖದಲ್ಲಿದಾರೆ, ಬಿಡಿ," ಎಂದರು. "ನೀವು ಒಂದು ಮಾತು ಹೇಳಿ, ನಾನು ಬರ್ಕೊಂಡುಬಿಡ್ತೀನಿ. ಸತ್ತಿರೋದು ಇವರಣ್ಣನೇ ತಾನೆ?"